ವಂಶವೃಕ್ಷದಲ್ಲಿ ಬಿಟ್ಟಿದ್ದ ಎರಡು ಹೆಸರು



ಈ ವಾರ ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ಇದರಲ್ಲಿ ತಪ್ಪು ಮಾಡಿದವನು ನಾನು. ತಿದ್ದಿದವಳು ಏಳನೇ ತರಗತಿ ಓದುವ ನನ್ನ ಮೊಮ್ಮಗಳು.

ನಮ್ಮೂರು ಮಸ್ಕಿ. ಊರ ಹೊರಗೆ ನಮಗೆ ಮೂರು ಎಕರೆ ಒಣ ಹೊಲ. ಹೋದ ಮಳೆಗಾಲದಲ್ಲಿ ಹಳೇ ಮನೆಯ ಒಂದು ಗೋಡೆ ಕುಸಿಯಿತು. ಮೇಲ್ಛಾವಣಿ ಹೊಸದಾಗಿ ಹಾಕಿಸಲೇಬೇಕು. ಕೈಯಲ್ಲಿ ದುಡ್ಡಿಲ್ಲ. ಪಕ್ಕದ ಹೊಲದವರು, ‘ಕೊಡೋದಿದ್ರ ನಮಗs ಕೊಡ್ರಿ’ ಅಂತ ಮೊದಲಿನಿಂದ ಕೇಳುತ್ತಿದ್ದರು. ಒಂದೂವರೆ ಎಕರೆ ಕೊಡೋಣ ಎಂದು ಮಾತಾಯಿತು.

ಮಾತು ಮುಗಿದ ಮೇಲೆ ಕಾಗದದ ಕೆಲಸ. ವಕೀಲರನ್ನು ಹಿಡಿಯಬೇಕೋ ಬೇಡವೋ ಎಂದು ನಾಲ್ಕು ಜನರನ್ನು ಕೇಳಿದೆ. ನಾಲ್ಕು ತರಹದ ಉತ್ತರ ಬಂತು. ಕೊನೆಗೆ ನಾನೇ ವಿಚಾರಿಸಿ ತಿಳಿದುಕೊಂಡದ್ದು ಇಷ್ಟು: ಹೊಲ, ಮನೆ ಮಾರಲು ವಕೀಲರು ಇರಲೇಬೇಕೆಂದು ಕಾನೂನು ಎಲ್ಲೂ ಹೇಳುವುದಿಲ್ಲ. ಕಾನೂನು ಕಡ್ಡಾಯ ಮಾಡಿರುವುದು ನೋಂದಣಿಯನ್ನು. 1882ರ ಸ್ವತ್ತು ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ ಎರಡೂ ಹೇಳುವುದೇನೆಂದರೆ, 100 ರೂಪಾಯಿ ಮತ್ತು ಅದಕ್ಕೆ ಮೇಲಿನ ಬೆಲೆಯ ಸ್ಥಿರಾಸ್ತಿ ಮಾರಾಟಕ್ಕೆ ನೋಂದಣಿಯಾದ ಪತ್ರ ಬೇಕು. ನೂರು ರೂಪಾಯಿಗೆ ಈಗ ಹೊಲದ ಒಂದು ಬದುವೂ ಬರುವುದಿಲ್ಲ. ಅಂದರೆ ಎಲ್ಲ ಮಾರಾಟಕ್ಕೂ ನೋಂದಣಿ ಬೇಕೆಂದೇ ಅರ್ಥ.

‘ಹಂಗಾದ್ರ ನಾವs ಮಾಡೋಣು ತಾತ. ನಾ ಓದ್ತೀನಿ, ನೀ ಕೇಳು’ ಅಂದಳು ಮೊಮ್ಮಗಳು. ನನ್ನ ಕಣ್ಣಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಅವಳಿಗೆ ಬೇಸಿಗೆ ರಜೆ. ಜೋಡಿ ಸರಿಯಾಯಿತು.

ಮೊದಲು ಪಹಣಿ ತಂದೆವು. ಮಕ್ಕಳೇ, ಪಹಣಿ ಎಂದರೆ ಹೊಲದ ಜಾತಕ ಇದ್ದಂತೆ. ಸರ್ವೆ ನಂಬರು, ಹಿಸ್ಸಾ ನಂಬರು, ವಿಸ್ತೀರ್ಣ, ಮಣ್ಣು, ನೀರು, ಬೆಳೆ ಎಲ್ಲ ಅದರಲ್ಲಿರುತ್ತದೆ. ಮುಂಚೆ ಕೈಬರಹದಲ್ಲಿತ್ತು. ‘ಭೂಮಿ’ ಯೋಜನೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಸಿಗುತ್ತದೆ. ವಿಸ್ತೀರ್ಣ ಎಕರೆ, ಗುಂಟೆಯಲ್ಲಿರುತ್ತದೆ. 40 ಗುಂಟೆಗೆ ಒಂದು ಎಕರೆ. ಗುಂಟೆ ಅಂದರೆ ಉದ್ದ 33 ಅಡಿ, ಅಗಲ 33 ಅಡಿಯ ಜಾಗ. ಹಾಗಾದರೆ ಒಂದು ಎಕರೆಗೆ ಎಷ್ಟು ಚದರ ಅಡಿ? ನನ್ನ ಮೊಮ್ಮಗಳು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುಣಿಸಿ 43,560 ಎಂದಳು. ನೀವೂ ಮಾಡಿ ನೋಡಿ.

ಪಹಣಿಯಲ್ಲಿ ಮುಖ್ಯವಾಗಿ ಎರಡು ಕಾಲಂ ಓದಬೇಕು. 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು. 11ನೇ ಕಾಲಮ್ಮಿನಲ್ಲಿ ಇತರ ಹಕ್ಕು ಮತ್ತು ಸಾಲ.

ಅವಳು 9ನೇ ಕಾಲಂ ಓದಿದಳು. ಓದಿ ನನ್ನ ಮುಖ ನೋಡಿದಳು. ‘ತಾತ, ಇದರಾಗ ನಿನ್ನ ಹೆಸರs ಇಲ್ಲ. ನಿಮ್ಮಪ್ಪನ ಹೆಸರೈತಿ.’

ನಮ್ಮಪ್ಪ ತೀರಿಕೊಂಡದ್ದು 1998ರಲ್ಲಿ. ಅಂದಿನಿಂದ ಹೊಲ ಮಾಡಿದವನು ನಾನು, ಬೆಳೆ ತೆಗೆದವನು ನಾನು, ಕಂದಾಯ ಕಟ್ಟಿದವನು ನಾನು. ಹೆಸರು ಬದಲಿಸಬೇಕೆಂಬ ನೆನಪೇ ಆಗಿರಲಿಲ್ಲ. ಸತ್ತವರು ಸಹಿ ಹಾಕಲಾರರು. ಅವರ ಹೆಸರಿನಲ್ಲಿರುವ ಹೊಲ ವಾರಸುದಾರರ ಹೆಸರಿಗೆ ಬಂದ ಮೇಲೆಯೇ ಮಾರಾಟ. ಇದಕ್ಕೆ ಪೌತಿ ಖಾತೆ ಎನ್ನುತ್ತಾರೆ. ನಮ್ಮ ಕಡೆ ವಾರಸಾ ಮಾಡಿಸುವುದು ಎಂದರೂ ಇದೇ.

11ನೇ ಕಾಲಮ್ಮಿನಲ್ಲಿ ಒಂದು ಬೆಳೆಸಾಲ ಇತ್ತು. ಅಪ್ಪನ ಕಾಲದ್ದು. ಅದನ್ನು ನಾನೇ ತೀರಿಸಿ ಎಷ್ಟೋ ವರ್ಷವಾಗಿದೆ. ಆದರೆ ಸಾಲ ತೀರಿದ ಪತ್ರ ತಗೊಂಡು ಕಂದಾಯ ಇಲಾಖೆಗೆ ಕೊಟ್ಟಿರಲಿಲ್ಲ. ದುಡ್ಡು ಕಟ್ಟಿದರೆ ಬ್ಯಾಂಕಿನ ಪುಸ್ತಕದಲ್ಲಿ ಸಾಲ ಮುಗಿಯುತ್ತದೆ. ಪಹಣಿಯಲ್ಲಿ ಮುಗಿಯಬೇಕಾದರೆ ಆ ಪತ್ರ ಮುಟ್ಟಿಸಬೇಕು. ಹಿರಿಯರೇ, ಇವತ್ತೇ ನಿಮ್ಮ ಪಹಣಿಯ 11ನೇ ಕಾಲಂ ಒಮ್ಮೆ ಓದಿಸಿರಿ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಮೊಮ್ಮಗಳು ಬಿಳಿ ಹಾಳೆ ತಗೊಂಡು, ‘ನೀ ಹೇಳು, ನಾ ಗಿಡ ಬರೀತೀನಿ’ ಅಂದಳು. ನಾನು ಅಪ್ಪನ ಹೆಸರು ಹೇಳಿದೆ, ಅವ್ವನ ಹೆಸರು ಹೇಳಿದೆ, ಕೆಳಗೆ ನನ್ನ ಹೆಸರು ಹೇಳಿದೆ. ‘ಮುಗೀತು’ ಅಂದೆ.

ಅವಳು ಪೆನ್ಸಿಲ್ ಎತ್ತಲಿಲ್ಲ. ‘ಹೋದ ವರ್ಷ ಶಾಲಿಯಾಗ ವಂಶವೃಕ್ಷ ಬರಿಯಾಕ ಹೇಳಿದ್ರಲ್ಲ, ಆವಾಗ ನೀನs ಹೇಳಿದ್ದಿ, ಸಿಂಧನೂರಜ್ಜಿ ದೊಡ್ಡಾಕಿ, ಲಿಂಗಸುಗೂರಜ್ಜಿ ಸಣ್ಣಾಕಿ, ನಡುವ ನೀನು ಅಂತ. ಟೀಚರ್ ಎಲ್ಲಾ ಸರಿ ಅಂತ ಮಾರ್ಕ್ ಹಾಕ್ಯಾರ. ಈ ಗಿಡದಾಗ ಅವರೆಲ್ಲಿ ಹೋದ್ರು?’

ಅಕ್ಕ ಸಿಂಧನೂರಿಗೆ ಮದುವೆಯಾಗಿ ಹೋಗಿ ಐವತ್ತು ವರ್ಷ ದಾಟಿದೆ. ತಂಗಿ ಲಿಂಗಸುಗೂರಿನಲ್ಲಿದ್ದಾಳೆ. ಇಬ್ಬರಿಗೂ ಅಪ್ಪ ಮದುವೆ ಮಾಡಿದ, ಬಂಗಾರ ಹಾಕಿದ. ‘ಅಲ್ಲಿಗೆ ಮುಗಿಯಿತು’ ಎಂದೇ ನಮ್ಮ ಓಣಿಯಲ್ಲೆಲ್ಲ ತಿಳಿದಿದ್ದರು, ನಾನೂ ಹಾಗೇ ತಿಳಿದಿದ್ದೆ. ಮೊಮ್ಮಗಳಿಗೆ, ‘ಅದು ಶಾಲಿ ಲೆಕ್ಕ, ಇದು ಹೊಲದ ಲೆಕ್ಕ’ ಎಂದುಬಿಟ್ಟೆ. ಅವಳು ಹಾಳೆ ಮಡಚಿ ಎದ್ದು ಹೋದಳು.

ಎರಡು ದಿನ ಆ ಹಾಳೆ ಗೂಡಿನಲ್ಲೇ ಇತ್ತು. ನನಗೆ ನಿದ್ದೆ ಸರಿ ಬರಲಿಲ್ಲ. ಮೂರನೇ ದಿನ ತಿಳಿದವರ ಬಳಿ ಹೋಗಿ ಕೇಳಿದೆ. ಅವರು ಬಿಡಿಸಿ ಹೇಳಿದರು.

ಅಪ್ಪ ತಾನೇ ಗಳಿಸಿದ ಆಸ್ತಿಗೆ ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತಾತ ಮುತ್ತಾತರಿಂದ ಬಂದ ಆಸ್ತಿಯಲ್ಲೂ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. 2005ರಲ್ಲಿ ಅಪ್ಪ ಬದುಕಿರಲೇಬೇಕೆ ಎಂಬ ಗೊಂದಲ ಬಹಳ ದಿನ ಇತ್ತು. ಅದನ್ನು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದ ತೀರ್ಪಿನಲ್ಲಿ ಬಗೆಹರಿಸಿತು. ಬದುಕಿರಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲು ಆಗಿದ್ದರೆ ಅದನ್ನು ಕೆದಕುವಂತಿಲ್ಲ. ನಮ್ಮಲ್ಲಿ ಪಾಲೇ ಆಗಿರಲಿಲ್ಲ.

‘ಇಬ್ಬರ ಹೆಸರು ಮುಚ್ಚಿಟ್ಟು ವಂಶವೃಕ್ಷ ಬರೆದರೆ ಅದು ಸುಳ್ಳು ಹೇಳಿಕೆ, ಅಪರಾಧ. ಅಷ್ಟೇ ಅಲ್ಲ, ನಾಳೆ ಅವರ ಮಕ್ಕಳು ಪಾಲಿನ ದಾವೆ ಹಾಕಿದರೆ ನಿಮ್ಮ ಹತ್ತಿರ ಕೊಂಡವರು ಕೋರ್ಟಿಗೆ ಅಲೆಯಬೇಕು’ ಎಂದರು. ಪಕ್ಕದ ಹೊಲದವರ ಮುಖ ಕಣ್ಣ ಮುಂದೆ ಬಂತು. ಮೂವತ್ತು ವರ್ಷ ಒಂದೇ ಬದುವಿನ ಮೇಲೆ ಕೂತು ಬುತ್ತಿ ಉಂಡವರು.

ಮರುದಿನ ಮೊಮ್ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ನಮ್ಮ ಮಸ್ಕಿ. ಮೊದಲು ಸಿಂಧನೂರು. ಕಾಲುವೆ ನೀರಿನ ಸೀಮೆ, ಎರಡೂ ಕಡೆ ಭತ್ತದ ಗದ್ದೆ. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಎಲ್ಲ ಹೇಳಿದೆ. ಅವಳು, ‘ತಮ್ಮಾ, ಕೇಳಾಕ ಬಂದಿ, ಚಲೋ ಆತು’ ಅಂದಳು. ನಾನು ಉಸಿರು ಬಿಟ್ಟೆ. ‘ಬ್ಯಾಡ’ ಅನ್ನುತ್ತಾಳೆಂದೇ ತಿಳಿದಿದ್ದೆ.

‘ಆದ್ರ ನನ್ನ ಪಾಲು ನನಗ ಬೇಕು’ ಅಂದಳು ಅಕ್ಕ. ‘ಬಿ.ಪಿ. ಗುಳಿಗಿ ತರಾಕೂ ಮಗನ ಮುಂದ ಕೈ ಚಾಚಬೇಕು. ಅಂವ ಕೊಡ್ತಾನ, ಇಲ್ಲ ಅನ್ನಂಗಿಲ್ಲ. ಆದ್ರೂ ಕೇಳೂದು ಐತಲ್ಲ, ಅದು ಸಾಕಾಗೇತಿ.’

ನಾನು ಚಹಾ ಕುಡಿದೆ. ಮಾತು ಹೊರಡಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೊಟ್ಟೆಯಲ್ಲಿ ಚುರುಕ್ ಎಂದಿತು. ಹಾಕಬೇಕೆಂದಿದ್ದ ಸ್ಲ್ಯಾಬು ಅರ್ಧ ಕರಗಿದಂತೆ ಕಂಡಿತು.

ಆಮೇಲೆ ಲಿಂಗಸುಗೂರು. ತಂಗಿ, ‘ಈ ಸಲದ ರೊಕ್ಕ ನಿನ್ನ ಮನೀಗೇ ಇರಲಿ ಅಣ್ಣಾ. ಉಳಿದ ಹೊಲದಾಗ ಮಾತ್ರ ನನ್ನ ಹೆಸರು ಇರಲಿ. ತವರಿನ ಹೊಲದಾಗ ಹೆಸರೈತಿ ಅಂದ್ರ ಸಾಕು’ ಅಂದಳು. ಬಾಯಿಮಾತಿನಲ್ಲಿ ‘ಬೇಡ’ ಎಂದರೆ ಸಾಲದು ಮಕ್ಕಳೇ. ಹಕ್ಕು ಬಿಡುವವರು ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು, ಇಲ್ಲವೇ ಮಾರಾಟದ ಪತ್ರಕ್ಕೆ ತಾವೂ ಮಾರುವವರಾಗಿ ಸಹಿ ಹಾಕಬೇಕು. ನಾವು ಎರಡನೆಯದನ್ನು ಆರಿಸಿಕೊಂಡೆವು.

ಬಸ್ಸಿನಲ್ಲಿ ನಾನು ಸುಮ್ಮನೆ ಕೂತಿದ್ದೆ. ಮಸ್ಕಿ ಗುಡ್ಡ ಕಂಡಾಗ ಮೊಮ್ಮಗಳು, ‘ತಾತ, ಶಾಸನ ನೋಡಾಕ ಹೋದಾಗ ಟೀಚರ್ ಹೇಳಿದ್ರು, ಈ ಕಲ್ಲಿನ ಮ್ಯಾಲೆ ಹೆಸರು ಇದ್ದಿದ್ದಕ್ಕs ಗೊತ್ತಾತಂತ’ ಅಂದಳು. ನಿಜ. ದೇಶದ ನಾನಾ ಕಡೆ ಸಿಕ್ಕ ಆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತು. ಆ ರಾಜ ಯಾರೆಂದು ಪಂಡಿತರು ಊಹಿಸುತ್ತಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬುವರಿಗೆ ನಮ್ಮ ಮಸ್ಕಿಯಲ್ಲಿ ಸಿಕ್ಕ ಬಂಡೆಶಾಸನದಲ್ಲಿ ಆ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರೂ ಇತ್ತು. ಊಹೆ ಮುಗಿಯಿತು. ಚಕ್ರವರ್ತಿಯೇ ಆದರೂ ದಾಖಲೆಯಲ್ಲಿ ಹೆಸರು ಬೇಕು. ನನ್ನ ಅಕ್ಕ ತಂಗಿಗೆ ಬೇಡವೇ?

ಮನೆಗೆ ಬಂದು ಹೊಸ ಹಾಳೆಯಲ್ಲಿ ವಂಶವೃಕ್ಷ ಬರೆದೆವು. ಮೂರು ಕೊಂಬೆ. ಅರ್ಜಿ ಕೊಟ್ಟೆವು. ಗ್ರಾಮ ಆಡಳಿತ ಅಧಿಕಾರಿ ಬಂದು ವಿಚಾರಿಸಿದರು. ಆಕ್ಷೇಪಣೆ ಇದ್ದರೆ ಹೇಳಿ ಎಂದು ನೋಟಿಸು ಆಯಿತು. ಅವಧಿ ಮುಗಿದ ಮೇಲೆ ಮೂವರ ಹೆಸರೂ 9ನೇ ಕಾಲಮ್ಮಿಗೆ ಬಂತು. ಇಂಥ ಬದಲಾವಣೆಯ ಬಗ್ಗೆ ಯಾರಿಗಾದರೂ ತಕರಾರಿದ್ದರೆ ಮೇಲ್ಮನವಿ ಹೋಗುವುದು ಉಪವಿಭಾಗಾಧಿಕಾರಿಗಳ ಬಳಿಗೆ. ನಮ್ಮ ಕಡೆಯವರಿಗೆ ಆ ಕಚೇರಿ ಇರುವುದು ಲಿಂಗಸುಗೂರಿನಲ್ಲಿ.

ಉಳಿದ ಕೆಲಸ ಒಂದೊಂದಾಗಿ ನಡೆಯಿತು. ನಾವು ಮಾರುತ್ತಿದ್ದುದು ಮೂರು ಎಕರೆಯಲ್ಲಿ ಒಂದು ತುಂಡು. ಹೀಗೆ ಸರ್ವೆ ನಂಬರಿನ ಒಂದು ಭಾಗ ಮಾರುವಾಗ 11-ಇ ನಕ್ಷೆ ಬೇಕು. ಅರ್ಜಿ ಹಾಕಿದ ಮೇಲೆ ಸರ್ವೆಯರ್ ಬಂದು ಅಳೆದು, ಯಾವ ತುಂಡು ಯಾರಿಗೆ ಎಂದು ಗುರುತು ಮಾಡಿ ನಕ್ಷೆ ಕೊಡುತ್ತಾರೆ.

ಕೊಳ್ಳುವವರು ತಮ್ಮ ಕೆಲಸ ಮಾಡಿಕೊಂಡರು. ಹೊಲದ ಮೇಲೆ ಅಡಮಾನವೋ ಬೇರೆ ಮಾರಾಟವೋ ನೋಂದಣಿಯಾಗಿದೆಯೇ ಎಂದು ತಿಳಿಯಲು ಋಣಭಾರ ಪ್ರಮಾಣಪತ್ರ ತೆಗೆಸಿದರು. ಜನ ಅದನ್ನು ಇ.ಸಿ. ಎನ್ನುತ್ತಾರೆ. ಹಳೇ ಪಹಣಿಗಳನ್ನೂ ಕೇಳಿದರು. ನಮ್ಮ ಈ ಮೂರೂ ಊರುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಅದಕ್ಕೇ ಇಲ್ಲಿನ ಹಳೇ ಪೆಟ್ಟಿಗೆಗಳಲ್ಲಿ ಉರ್ದು ಕಾಗದಗಳಿರುತ್ತವೆ. 1954-55ರ ಖಾಸ್ರಾ ಪಹಣಿಯ ಮಾತು ಈಗಲೂ ಬರುತ್ತದೆ. ಅಂಥ ಕಾಗದ ಓದಲು ಬರುವುದಿಲ್ಲವೆಂದು ಎಸೆಯಬೇಡಿ. ಉರ್ದು ಬಲ್ಲ ಹಿರಿಯರಿಂದ ಓದಿಸಿ, ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ.

ಖರೀದಿ ಪತ್ರವನ್ನು ಲೈಸನ್ಸ್ ಇರುವ ಬಾಂಡ್ ರೈಟರ್ ಬರೆದರು. ನಾವೇ ಬರೆದುಕೊಳ್ಳಬಹುದಿತ್ತು, ಅದಕ್ಕೂ ಅಡ್ಡಿಯಿಲ್ಲ. ಅವರು ಬರೆದದ್ದನ್ನು ಮನೆಗೆ ತಂದು ಮೊಮ್ಮಗಳ ಕೈಲಿ ಮೂರು ಸಲ ಗಟ್ಟಿಯಾಗಿ ಓದಿಸಿದೆ. ಮಾರುವವರು ಯಾರು, ಕೊಳ್ಳುವವರು ಯಾರು, ನಮಗೆ ಹೊಲ ಬಂದದ್ದು ಹೇಗೆ, ಸರ್ವೆ ನಂಬರು, ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚಕ್ಕುಬಂದಿ, ಬೆಲೆ, ಹಣ ಮುಟ್ಟಿದ ರೀತಿ, ಸ್ವಾಧೀನ ಕೊಟ್ಟ ದಿನ. ಎರಡನೇ ಸಲ ಓದುವಾಗ ಅವಳು, ‘ತಾತ, ಹಳ್ಳ ಇರೋದು ಪಡುವಣ ದಿಕ್ಕಿಗೆ. ಇಲ್ಲಿ ಮೂಡಣ ಅಂತ ಬರದಾರ’ ಎಂದು ಹಿಡಿದಳು. ಸಹಿಗೆ ಮುಂಚೆ ಸಿಕ್ಕ ತಪ್ಪನ್ನು ಒಂದು ಗೆರೆಯಲ್ಲಿ ತಿದ್ದಬಹುದು. ನೋಂದಣಿಯಾದ ಮೇಲೆ ಸಿಕ್ಕರೆ ತಿದ್ದುಪಡಿ ಪತ್ರ ಬರೆದು ಅದನ್ನೂ ನೋಂದಾಯಿಸಬೇಕು.

ಖರ್ಚಿನ ಲೆಕ್ಕವನ್ನೂ ಅವಳೇ ಮಾಡಿದಳು. ಲೆಕ್ಕಕ್ಕೆ ಅನುಕೂಲವಾಗಲೆಂದು ಬೆಲೆ 12 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ನೂರಕ್ಕೆ 5ರಂತೆ 60,000. ನೋಂದಣಿ ಶುಲ್ಕ ಈಗ ನೂರಕ್ಕೆ 2ರಂತೆ 24,000. ಮುದ್ರಾಂಕ ಶುಲ್ಕದ ಮೇಲೆ ಒಂದಿಷ್ಟು ಸೆಸ್, ಸರ್ಚಾರ್ಜ್. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. ಬೇರೆ ಕರಾರು ಇಲ್ಲದಿದ್ದರೆ ಇದನ್ನು ಕೊಳ್ಳುವವರೇ ಕಟ್ಟುತ್ತಾರೆ.

ಹಣ ಬ್ಯಾಂಕಿನ ಮೂಲಕವೇ ಬಂತು. ಜಮೀನು ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲೆ ನಗದು ತಗೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಬೇಸಾಯ ಬಿಟ್ಟರೆ ಬೇರೆ ತೆರಿಗೆಯ ಆದಾಯವಿಲ್ಲದವರ ನಡುವೆ ವಿನಾಯಿತಿ ಉಂಟು. ಇದ್ದರೂ ಬ್ಯಾಂಕಿನ ಹಾದಿಯೇ ನಂಬಿಕೆಯದು. 12ರಲ್ಲಿ ಮೂರನೇ ಒಂದು ಪಾಲು, 4 ಲಕ್ಷ, ನೇರ ಅಕ್ಕನ ಖಾತೆಗೆ ಹೋಯಿತೆಂದು ಪತ್ರದಲ್ಲೇ ಬರೆಸಿದೆವು. ನನ್ನ ಕೈ ಹಾದು ಹೋಗಲಿಲ್ಲ. ಅದೇ ಒಳ್ಳೆಯದಾಯಿತು.

2023ರಿಂದ ನೋಂದಣಿಗೆ ‘ಕಾವೇರಿ 2.0’ ಎಂಬ ವ್ಯವಸ್ಥೆ ಬಂದಿದೆ. ವಿವರಗಳನ್ನು ಮೊದಲೇ ಆನ್‌ಲೈನಿನಲ್ಲಿ ತುಂಬಬೇಕು. ಉಪನೋಂದಣಾಧಿಕಾರಿ ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ, ದಿನ, ವೇಳೆ ಗೊತ್ತುಮಾಡಿಕೊಂಡು ಹೋಗಬೇಕು. ಕಚೇರಿಯಲ್ಲಿ ಸಹಿ, ಫೋಟೋ, ಹೆಬ್ಬೆಟ್ಟು. ‘ನಿಮ್ಮ ಇಚ್ಛೆಯಿಂದಲೇ ಬರೆದುಕೊಟ್ಟಿರಾ?’ ಎಂದು ಕೇಳುತ್ತಾರೆ. ಸಹಿಯಾದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕೆಂಬುದು ನಿಯಮ. ನಾವು ಮೂವರೂ ಒಂದೇ ದಿನ ಹೋಗಿ ಮುಗಿಸಿದೆವು. ಅಕ್ಕನಿಗೆ ಸಹಿ ಬರುವುದಿಲ್ಲ ಎಂದು ತಿಳಿದಿದ್ದೆ. ಅವಳು ಪೆನ್ನು ತಗೊಂಡು ನಿಧಾನವಾಗಿ ಒಂದೊಂದೇ ಅಕ್ಷರ ಬರೆದಳು. ಮೊಮ್ಮಗನ ಹತ್ತಿರ ಕಲಿತಿದ್ದಳಂತೆ.

ನೋಂದಣಿಯ ಮಾಹಿತಿ ಅಲ್ಲಿಂದಲೇ ‘ಭೂಮಿ’ಗೆ ಹೋಗಿ, ಕೊಂಡವರ ಹೆಸರಿಗೆ ಮುಟೇಶನ್ ಶುರುವಾಗುತ್ತದೆ. ಪಹಣಿಯಲ್ಲಿ ಹೆಸರು ಬಂದದ್ದು ಕಣ್ಣಾರೆ ನೋಡಿದ ಮೇಲೆಯೇ ಕೆಲಸ ಮುಗಿಯಿತು ಎನ್ನಬೇಕು.

ವಕೀಲರೇ ಬೇಡ ಎಂದು ನಾನು ಹೇಳುತ್ತಿಲ್ಲ. ಹೊಲದ ಮೇಲೆ ದಾವೆ ಇದ್ದರೆ, ಪಾಲಿನಲ್ಲಿ ಜಗಳವಿದ್ದರೆ ಅವರ ಬಳಿ ಹೋಗಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಹದಿನೆಂಟು ತುಂಬದ ಮಕ್ಕಳ ಸ್ವಂತ ಆಸ್ತಿಯಾದರೆ ಕೋರ್ಟಿನ ಅನುಮತಿ ಬೇಕು. ವಕೀಲರ ಫೀ ಕೊಡಲಾಗದಿದ್ದರೆ ಹೆದರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಹಿರಿಯರಿಗೆ ಮೂರು ಮಾತು. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಮೊಬೈಲಿಗೆ ಬಂದ ಓ.ಟಿ.ಪಿ.ಯನ್ನು ನಡುವಿನವರಿಗೆ ಹೇಳಬೇಡಿ. ‘ಖರೀದಿ ಆಮೇಲೆ ಮಾಡೋಣ, ಈಗ ಜಿ.ಪಿ.ಎ. ಬರೆದುಕೊಡಿ’ ಎಂದವರನ್ನು ನಂಬಬೇಡಿ. ಬರೀ ಜಿ.ಪಿ.ಎ.ಯಿಂದ ಮಾಲೀಕತ್ವ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಮನೆಯ ಮೇಲ್ಛಾವಣಿ ಏನಾಯಿತು ಎಂದಿರಾ? ಒಂದು ಅಂಕಣಕ್ಕೆ ಸ್ಲ್ಯಾಬು ಬಿತ್ತು, ಉಳಿದದ್ದಕ್ಕೆ ತಗಡು. ಮಳೆ ಬಂದರೆ ಸದ್ದು ಜೋರು. ಸೋರುವುದಿಲ್ಲ. ಹೋದ ತಿಂಗಳು ಅಕ್ಕ ಬಂದು ನಾಲ್ಕು ದಿನ ಇದ್ದು ಹೋದಳು. ಬರುವಾಗ ಬಸ್ ನಿಲ್ದಾಣದಲ್ಲಿ ಮೊಮ್ಮಗಳಿಗೆಂದು ತನ್ನ ದುಡ್ಡಿನಲ್ಲೇ ಒಂದು ಕಂಪಾಸ್ ಪೆಟ್ಟಿಗೆ ತಂದಿದ್ದಳು.

ಮಕ್ಕಳೇ, ಈ ವಾರದ ಕೆಲಸ: ಅಜ್ಜ ಅಜ್ಜಿಯರ ಹತ್ತಿರ ಕೂತು ನಿಮ್ಮ ಮನೆಯ ವಂಶವೃಕ್ಷ ಬರೆಯಿರಿ. ಹೆಣ್ಣುಮಕ್ಕಳ ಹೆಸರನ್ನೂ ಬರೆಯಿರಿ, ಮದುವೆಯಾಗಿ ಎಷ್ಟೇ ದೂರ ಹೋಗಿರಲಿ. ಆಮೇಲೆ ಮನೆಯ ಪಹಣಿ ಅಥವಾ ಉತಾರ ತೆಗೆದು ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳಿ. ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಇದ್ದ ಹೆಸರು ಇನ್ನೊಂದರಲ್ಲಿ ಇಲ್ಲದಿದ್ದರೆ ಯಾಕೆ ಎಂದು ಕೇಳಿ. ಅಜ್ಜ ಗದರಿದರೆ ಎರಡು ದಿನ ಬಿಟ್ಟು ಮತ್ತೆ ಕೇಳಿ.

ಮುಂದಿನ ವಾರ ಭೇಟಿಯಾಗೋಣ.